ಎಂಟು ಅಡಿ ಬೆಳೆದ ಸೇತುವೆ

ಮುಂಬಯಿಯ ಗೋರೆಗಾಂವ್‌ನಲ್ಲಿ ನಾಲಾ ಎಂಬ ದೊಡ್ಡ ಚರಂಡಿಯ ಮೇಲಿನ ಹದಿನೇಳನೇ ನಂಬರಿನ ಸೇತುವೆಯು ಕಳೆದ ಆರು ಮಳೆಗಾಲಗಳಲ್ಲಿ ಎಂಟು ಅಡಿ ಎತ್ತರ ಬೆಳೆದಿದೆ ಎಂಬುದು ಕಡತಗಳಿಂದ ಸಿದ್ಧಪಟ್ಟ ಸಂಗತಿ.

ಕಂಬದ ಎತ್ತರವನ್ನು ಮಣ್ಣಿನಿಂದ ಮೇಲಕ್ಕೆ ಅಳೆಯತಕ್ಕದ್ದು ಎಂದು ತಪಾಸಣೆಯ ನಮೂನೆಯಲ್ಲಿದೆ. ವರ್ಷ ವರ್ಷವೂ ನೀರು ಬುಡದ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಸೇತುವೆ ವಿಭಾಗದವರು ಅಳೆದು, ಹೋದ ಸಲಕ್ಕಿಂತ ಹೆಚ್ಚಿದೆ ಎಂದು ಸಂತೋಷದಿಂದ ಬರೆಯುತ್ತಿದ್ದರು. ಅಳೆದವರಿಗೆ ಪ್ರಶಂಸಾಪತ್ರವೂ ಸಿಕ್ಕಿತ್ತು.

ಹೊಸದಾಗಿ ಬಂದ ಎಂಜಿನಿಯರ್, ಮೈಸೂರಿನ ತಿರುಮಲೇಶ, ಬುಡಕ್ಕೆ ಬಗ್ಗಿ ನೋಡಿ ಬೆವೆತುಹೋದ. ಹೆಂಡತಿ ಸರಸ್ವತಿ ದಿನಕ್ಕೆರಡು ಸಲ ರಿಕ್ಷಾದಲ್ಲಿ ದಾಟುವ ಸೇತುವೆ ಅದು. ಭೂಕಂಪವಾದರೆ ಒಸಡು ಸವೆದ ಹಲ್ಲಿನ ಗತಿಯಾದೀತು, ಬುಡಕ್ಕೆ ಕಲ್ಲು ತುಂಬಿಸಿ ಎಂದು ಟಿಪ್ಪಣಿ ಬರೆದ.

ಗಾಳಿ ಗುದ್ದಿ ಮೈ ನೋಯಿಸಿಕೊಂಡದ್ದೇ ಬಂತು. ಚರಂಡಿ ವಿಭಾಗವು, ಮಣ್ಣು ಈಗ ಸಮುದ್ರದಲ್ಲಿರುವುದರಿಂದ ತನಗೆ ಸಂಬಂಧಿಸಿದ್ದಲ್ಲ ಎಂದು ಕೈ ತೊಳೆದುಕೊಂಡಿತು. ವಿಪತ್ತು ವಿಭಾಗವು, ಭೂಕಂಪವಾದ ಏಳು ದಿನಗಳೊಳಗೆ ಅರ್ಜಿ ಸಲ್ಲಿಸಲು ಸೂಚಿಸಿತು.

ಕೊನೆಗೆ ಧಾರವಾಡದ ಕಡೆಯ ಮುಖ್ಯ ಎಂಜಿನಿಯರ್ ಶಶಿಕಾಂತರು ಚಹಾ ತರಿಸಿ ಕೂರಿಸಿಕೊಂಡರು.

"ನೋಡ್ರಿ ತಿರುಮಲೇಶ, ಕಂಬ ಉದ್ದ ಆದ್ರ ನಿಧಾನಕ್ಕ ಅಲಗಾಡ್ತದ. ನಿಧಾನಕ್ಕ ಅಲಗಾಡಿದ್ರ ಭೂಕಂಪದ ಹೊಡ್ತ ಕಡಿಮಿ. ಹೌದೊ ಅಲ್ಲೊ ಹೇಳ್ರಿ."

"ಹೊಡೆತ ಕಡಿಮೆ ಸರ್. ಆದ್ರೆ ಓಲಾಟ ಜಾಸ್ತಿ. ಮೇಲಿನ ರಸ್ತೆನೇ ಜಾರಿ ಬೀಳತ್ತೆ."

"ರಸ್ತೆ ಬ್ಯಾರೆ ವಿಭಾಗದ್ದು."

ಅರ್ಧ ಸತ್ಯಕ್ಕೆ ಪೂರ್ತಿ ಸುತ್ತೋಲೆ ಹೊರಟಿತು: "ಮಣ್ಣಿನ ಸವೆತವನ್ನು ಇನ್ನು ಮುಂದೆ ಭೂಕಂಪ ನಿರೋಧಕ ಕಾಮಗಾರಿ ಎಂದು ಪರಿಗಣಿಸತಕ್ಕದ್ದು. ಬುಡದಲ್ಲಿ ಮಣ್ಣು ಉಳಿಸಿಕೊಂಡಿರುವ ಸೇತುವೆಗಳ ಬಗ್ಗೆ ಸಂಬಂಧಪಟ್ಟವರು ವಿವರಣೆ ನೀಡತಕ್ಕದ್ದು." ಹಾಗೆ ಮಣ್ಣು ಉಳಿಸಿಕೊಂಡಿದ್ದ ಹದಿನಾಲ್ಕು ಸೇತುವೆಗಳ ಬುಡ ಅಗೆಯುವ ಕೆಲಸ ಗುತ್ತಿಗೆದಾರ ಮನೀಶನಿಗೆ ಸಿಕ್ಕಿತು. ಆತ ಜೆಸಿಬಿಗೆ ಹಾರ ಹಾಕಿ ಕಾಯಿ ಒಡೆದ. ಮೂಲ ಸಂಶೋಧಕನೆಂದು ತಿರುಮಲೇಶನಿಗೆ ಶಾಲು ಹೊದಿಸಲಾಯಿತು.

ಶಾಲು ಮಡಚಿಟ್ಟವನೇ ಹೆಂಡತಿಗೆ, ನಾಳೆಯಿಂದ ಆಚೆ ಸೇತುವೆಯಿಂದ ಸುತ್ತಿ ಹೋಗು ಎಂದ.

"ಆ ಕಡೆ ರಿಕ್ಷಾದವ್ರು ಬರಲ್ಲಾಂತಾರೆ ಕಣ್ರೀ," ಎಂದಳು ಸರಸ್ವತಿ. "ಅಲ್ಲಿನ್ನೂ ಮಣ್ಣು ತೆಗೆದಿಲ್ವಂತೆ."

ತಿರುಮಲೇಶನಿಗೆ ಹೆದರಿಕೆಯೇ ಆಯಿತು. ಆದರೂ ಅವಳೊಬ್ಬಳನ್ನೇ ಕಳಿಸಲು ಮನಸ್ಸು ಬಾರದೆ ಬೆಳಿಗ್ಗೆ ರಿಕ್ಷಾದಲ್ಲಿ ಅವಳ ಪಕ್ಕ ಕೂತ. ಹದಿನೇಳನೇ ಸೇತುವೆಯ ನಡುವೆ ಎದುರಿಂದ ಲಾರಿಯೊಂದು ಬಂತು, ರಸ್ತೆ ಮೆಲ್ಲಗೆ ತೂಗಾಡಿತು. ರಿಕ್ಷಾದವನು ಹಿಂದಿರುಗಿ ನೋಡಿ, ಯೋಜನೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಹಿಂದಿಯಲ್ಲಿ ಹೆಮ್ಮೆಯಿಂದ ಹೇಳಿದ. ಸರಸ್ವತಿ ತಲೆದೂಗಿದಳು. ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ ತಿರುಮಲೇಶನೂ ತಲೆದೂಗಿದ.