ಕುರಿಯೊಂದು ಬಿಟ್ಟು

ಎಸೆನ್‌ಕುಲನ ಕಣ್ಣಿಗೆ ಕುರಿಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ನಮ್ಮ ಹಳ್ಳಿ ಕಿಝಿಲ್-ದೊಬೊದ ಮೇಲಿನ ಬೀದಿಯಲ್ಲಿ ಕುರಿ ಮೇಯಿಸುವುದು ಸರದಿ ಪ್ರಕಾರ. ಸರದಿ ಬಂದ ಮನೆಯವರು ಇಡೀ ಬೀದಿಯ ಕುರಿಗಳನ್ನು ಗುಡ್ಡಕ್ಕೆ ಹೊಡೆದುಕೊಂಡು ಹೋಗಿ, ಸಂಜೆ ಅವರವರ ಮನೆ ಮುಟ್ಟಿಸಬೇಕು. ಹೋದ ಸಲ ಎಸೆನ್‌ಕುಲ್, ಆಸ್ಪತ್ರೆ ದಾದಿ ಬುಬುಸಾರಳ ಮುದ್ದಿನ ಟಗರನ್ನು ಬೀದಿಯ ಮುಖಂಡ ಸಪರ್‌ಬೈ ಮನೆಗೆ ಮುಟ್ಟಿಸಿದ. ಅವತ್ತು ಸಪರ್‌ಬೈ ಮನೆಗೆ ಬೀಗರು ಬಂದಿದ್ದರು. ಬುಬುಸಾರ ಟಗರನ್ನು ಹುಡುಕಿಕೊಂಡು ಹೋದಾಗ ಅದರ ತಲೆ ದೊಡ್ಡ ಬೀಗರ ಮುಂದೆ ತಟ್ಟೆಯಲ್ಲಿ ಕೂತು ಅವಳನ್ನೇ ನೋಡುತ್ತಿತ್ತು.

ಮಾರನೇ ದಿನವೇ ಸಪರ್‌ಬೈ ಬಂದ. "ಬೇಜಾರ್ ಮಾಡ್ಕೋಬೇಡ ಎಸೆನ್‌ಕುಲಣ್ಣಾ. ವಯಸ್ಸಾಯ್ತು, ತಲೆ ಒಣಗಿದೆ. ಇನ್ನೊಂದ್ ಸರದಿ ನೋಡ್ತೀವಿ. ಸಂಜೆ ಯಾವ್ ಕುರಿ ಯಾರದು ಅಂತ ಎಲ್ಲರ ಮುಂದೆ ಹೇಳ್ಬೇಕು. ಇಲ್ಲಾಂದ್ರೆ ನಿಮ್ಮನೆ ಸರದಿಯಿಂದ ಆಚೆ."

ಸರದಿಯಿಂದ ಆಚೆ ಅಂದರೆ ಅವನ ಐದು ಕುರಿಗಳೂ ಮಂದೆಯಿಂದ ಆಚೆ. ಅವನ್ನು ಕಟ್ಟಿಕೊಂಡು ದಿನಾ ಗುಡ್ಡ ಹತ್ತಲು ಮಂಡಿ ಒಪ್ಪುವುದಿಲ್ಲ, ಮಾರಲೇಬೇಕು. ಕುರಿ ಇಲ್ಲದ ಮುದುಕನನ್ನು ನಮ್ಮಲ್ಲಿ ಊಟಕ್ಕೆ ಕರೆಯುವುದಿಲ್ಲ ಅಂತಲ್ಲ. ಕರೆದು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಕೂರಿಸುತ್ತಾರೆ.

ಹೆಂಡತಿ ಕಾನಿಶಾಯ್ ಮನೆಮನೆಗೆ ಹೋಗಿ ಎಲ್ಲರ ಕುರಿಗಳ ಫೋಟೋ ಫೋನಿನಲ್ಲಿ ಹಿಡಿದುಕೊಂಡು ಬಂದಳು. ದಿನಾ ಚಹಾ ಹೊತ್ತಿಗೆ ಪಾಠ.

"ಇದು?"

"ಸಪರ್‌ಬೈದು."

"ಇದು?"

"ಬುಬುಸಾರಳದು. ಮುಂದಿಂದು ತೋರ್ಸೇ."

ಒಂದೂ ತಪ್ಪಲಿಲ್ಲ. "ತಲೆ ಒಣಗಿದೆ ಅಂದೋನು ಯಾವನೇ ಅವನು?" ಎಂದು ಎಸೆನ್‌ಕುಲ್ ಉಣ್ಣೆ ಟೋಪಿಯನ್ನು ಹಿಂದಕ್ಕೆ ತಳ್ಳಿ ಕೂತ.

ಸರದಿ ದಿನ ಬೆಳಿಗ್ಗೆ ಗುಡ್ಡ ಹತ್ತಿ ಮೊದಲನೇ ಕುರಿಯನ್ನು ನೋಡಿದ. ಗೊತ್ತಾಗಲಿಲ್ಲ. ಇನ್ನೊಂದನ್ನು ನೋಡಿದ. ಅದೂ ಮೊದಲನೆಯದರ ತಂಗಿಯ ಹಾಗೆ ಮೆಲುಕು ಹಾಕುತ್ತ ನಿಂತಿತು. ಕಣ್ಣು ಮುಚ್ಚಿ ಫೋಟೋಗಳನ್ನು ನೆನೆಸಿಕೊಂಡ. ಸಪರ್‌ಬೈದು ಅಂದರೆ ನೀಲಿ ಗೇಟು. ಬುಬುಸಾರಳದು ಅಂದರೆ ಹಗ್ಗದ ಮೇಲೆ ಹಳದಿ ಲಂಗ. ಗೇಟಿನ ತುಕ್ಕೂ ನೆನಪಿತ್ತು, ಲಂಗದ ತೇಪೆಯೂ ನೆನಪಿತ್ತು. ಅವುಗಳ ಮುಂದೆ ನಿಂತಿದ್ದ ಕುರಿ ಮಾತ್ರ ನೆನಪಿನಲ್ಲಿರಲಿಲ್ಲ.

ಹೆಂಡತಿಗೆ ಫೋನ್ ಮಾಡಿದ. "ನಾನು ಕುರಿ ಕಲಿತೇ ಇಲ್ಲ ಕಣೇ. ಗೇಟ್ ಕಲ್ತಿದೀನಿ."

"ಹಾಳಾಯ್ತು! ನಾನ್ ಫೋಟೋ ಹಿಡಿಯೋಕ್ ಹೋದಾಗ್ಲೇ ಬುಬುಸಾರ ಅಂದ್ಲು. ಮುದುಕರ ಮೆದುಳು ಕಲಿಯೋದೇನ್ ನಿಲ್ಸಲ್ವಂತೆ, ಜರಡಿ ಹರಿದಿರತ್ತಂತೆ. ಹುಡುಗರ ಜರಡಿ ಬೇಡದ್ದನ್ನ ಮೇಲೇ ತಡೆಯತ್ತೆ, ಮುದುಕರದ್ರಲ್ಲಿ ಹಿಟ್ಟಿನ ಜತೆ ಹೊಟ್ಟೂ ಬೀಳತ್ತಂತೆ. ನಿನ್ನದ್ರಲ್ಲಿ ಬರೀ ಹೊಟ್ಟೇ ಬಿದ್ದಿದೆಯಲ್ಲೋ ಮುದುಕಪ್ಪಾ!"

"ಈಗೇನ್ ಮಾಡ್ಲಿ?"

"ಬರ್ಕೊಳ್ಳೋಕ್ ನಿನ್ ಹತ್ರ ಪೆನ್ನಿಲ್ಲ, ಕೇಳಿಸ್ಕೋ. ಎಡಗಿವಿ ಸೀಳಿರೋದು ಸಪರ್‌ಬೈದು, ಕರಿ ಮೂತಿ ಬುಬುಸಾರಳದು..." ಎಂದು ಪೂರ್ತಿ ಬೀದಿಯನ್ನು ಒಪ್ಪಿಸಿ, "ಸಂಜೆ ತನಕ ಕುರಿ ಬಿಟ್ಟು ಇನ್ನೇನೂ ನೋಡ್ಬೇಡ!" ಎಂದು ಫೋನ್ ಇಟ್ಟಳು.

ನೋಡಿದ. ಒಂದೊಂದನ್ನೇ ಹಿಡಿದು, ಮೂತಿಗೆ ಮೂತಿ ಕೊಟ್ಟು, ಕಣ್ಣಲ್ಲಿ ನೀರು ಬರುವ ತನಕ ನೋಡಿದ. ಎಲ್ಲ ಕುರಿಗಳ ಹಿಂದೆಯೂ, ಗುಡ್ಡದ ಕೆಳಗೆ, ನಮ್ಮ ಬೀದಿ ಅಂಗೈ ಮೇಲಿಟ್ಟ ಹಾಗೆ ಬಿದ್ದುಕೊಂಡಿತ್ತು.

ಸಂಜೆ ಬೀದಿಗೆ ಬೀದಿಯೇ ನೆರೆದಿತ್ತು. ಸಪರ್‌ಬೈ ಒಂದು ಕುರಿಯನ್ನು ಎಳೆದು ನಿಲ್ಲಿಸಿದ. "ಹೇಳಣ್ಣಾ, ಇದ್ಯಾರ್ದು?"

ಎಸೆನ್‌ಕುಲ್ ನೋಡಿದ. ಒಡೆದ ಕೊಡದಲ್ಲಿ ನೀರು ಹುಡುಕಿದವನಿಗೆ ಸಿಗುವಷ್ಟೇ ಸಿಕ್ಕಿತು. ಸೀಳಿದ್ದು ಎಡಗಿವಿಯೋ ಬಲಗಿವಿಯೋ, ಸಪರ್‌ಬೈದೋ ಪಕ್ಕದ ಮನೆ ಜೊರೊದೋ, ಎಲ್ಲ ಕಲಸಿಹೋಗಿತ್ತು. ಬಾಗಿಲ ಸಂದಿಯ ಥಂಡಿಗಾಳಿ ಈಗಲೇ ಬೆನ್ನಿಗೆ ಹೊಡೆದ ಹಾಗಾಯಿತು.

"ತಡಿ, ಇದನ್ನ ನೋಡಿದೀನಿ," ಎಂದ ತೊದಲುತ್ತ. "ಮಧ್ಯಾಹ್ನ ನೋಡಿದ್ದು. ಇದರ ಕಿವಿ ಹಿಂದೆ... ನಿನ್ನ ಬೂದು ಕುದುರೆ ಕಾಣ್ತಿತ್ತು ಸಪರ್‌ಬೈ. ಬುಬುಸಾರಾ ಮನೆ ಹಿತ್ತಲಲ್ಲಿ. ಜೀನು ಬಿಚ್ಚಿ ಕಟ್ಟಿತ್ತು, ಬಹಳ ಹೊತ್ತು..."

ಸಪರ್‌ಬೈ ಹೆಂಡತಿ ಮೆಲ್ಲಗೆ ತಲೆ ತಿರುಗಿಸಿದಳು.

"ನಂದು! ನಂದೇ ಕುರಿ! ಸರಿಯಾಗ್ ಹೇಳ್ದ!" ಎಂದು ಕೂಗಿದ ಸಪರ್‌ಬೈ.

"ನಾನಿನ್ನೂ ಹೆಸರೇ ಹೇಳಿಲ್ವಲ್ಲೋ."

"ಹೇಳ್ದೆ ಹೇಳ್ದೆ! ಮುಂದಿಂದು ತನ್ನಿ!"

ಮುಂದಿನದರ ಬಾಲದ ಹಿಂದೆ, ಮಧ್ಯಾಹ್ನ ಜೊರೊ ತನ್ನ ಮಾವನ ಬಣವೆಯಿಂದ ಹುಲ್ಲು ಕದ್ದು ಎಳೆದುಕೊಳ್ಳುತ್ತಿದ್ದದ್ದು ನೆನಪಿತ್ತು. ಎಸೆನ್‌ಕುಲ್ "ಬಣ..." ಎನ್ನುವಷ್ಟರಲ್ಲಿ ಜೊರೊ ಆ ಕುರಿಯನ್ನು ಹೆಗಲ ಮೇಲೆ ಹಾಕಿಕೊಂಡು, "ನಂದೇ ಅಣ್ಣಾ, ನಿನ್ ತಲೆಗೆ ಸಾಟಿ ಇಲ್ಲ!" ಎನ್ನುತ್ತ ಓಡಿದ. ಬುಬುಸಾರ ಕೇಳುವ ಮೊದಲೇ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಹೊರಟಳು, ಅದು ಮೇಕೆಯಾಗಿತ್ತು. ಕಲ್ಲು ಬಿದ್ದ ಗುಬ್ಬಿಗಳ ಹಾಗೆ ಬೀದಿ ಖಾಲಿಯಾಯಿತು. ಬಾಗಿಲುಗಳ ಹಿಂದಿನಿಂದ ದನಿಗಳು ಮಾತ್ರ ಕೇಳಿದವು:

"ಎಸೆನ್‌ಕುಲಣ್ಣ ಪಾಸು!"

"ಪಾಸು ಅಂದ್ರೆ ಪಾಸು, ಸಾಕು!"

ಉಳಿದದ್ದು ಐದು ಕುರಿ ಮತ್ತು ಕಾನಿಶಾಯ್. ಎಸೆನ್‌ಕುಲ್ ಹೆಂಡತಿಯ ಕಡೆ ತಿರುಗಿದ.

"ಕೇಳಿದ್ಯೇನೇ? ಪಾಸಂತೆ! ನಮ್ಮ ಕುರಿ ಉಳೀತು!"

ಕಾನಿಶಾಯ್ ನೆಲ ನೋಡುತ್ತ ನಿಂತಿದ್ದಳು. ಅವಳು ಹಾಗೆ ನಿಂತದ್ದು ನೋಡಿ ಅವನಿಗೆ ಇನ್ನೊಂದು ನೆನಪಾಯಿತು.

"ಅಲ್ಲ, ನಮ್ಮವನ್ನ ನೋಡೋವಾಗ ಹಿಂದುಗಡೆ ನಮ್ಮನೆ ಮುಂದೆ ಒಂದು ಬಿಳಿ ವ್ಯಾನ್ ನಿಂತಿತ್ತು. ಕಟುಕ ತುರ್ಗುನ್ ಇಳಿದ. ನೀನು ಅವನ ಕೈ ಕುಲುಕಿದೆ. ಅದ್ಯಾಕೆ?"

"ನೀನೇ ಫೋನ್ ಮಾಡಿ ಗೇಟ್ ಕಲ್ತಿದೀನಿ ಅಂದ್ಯಲ್ಲ!" ಎಂದಳು ಕಾನಿಶಾಯ್, ಅಳು ಬಂದವಳ ಹಾಗೆ. "ಸಂಜೆ ಎಲ್ಲರೂ ನಗೋದಕ್ ಮುಂಚೆ ಒಳ್ಳೇ ಬೆಲೆಗೆ ಕುರಿ ಮಾರ್ಬಿಡೋಣ ಅಂತ ಅವನಿಗ್ ಮಾತು ಕೊಟ್ಬಿಟ್ಟೆ. ನೀನ್ ಪಾಸಾಗ್ತೀಯ ಅಂತ ಯಾರಿಗ್ ಗೊತ್ತಿತ್ತು?"

ವ್ಯಾನು ಅಷ್ಟರಲ್ಲೇ ಬೀದಿಗೆ ತಿರುಗಿತು. ಕೊಟ್ಟ ಮಾತು ಹಿಂದಕ್ಕೆ ತಗೊಳ್ಳುವ ಪದ್ಧತಿ ನಮ್ಮಲ್ಲಿ ಇಲ್ಲ. ತುರ್ಗುನ್ ಇಳಿದು, "ಇವೇ ಏನಣ್ಣಾ ನಿಮ್ಮವು?" ಎಂದ.

ಎಸೆನ್‌ಕುಲ್ ಐದನ್ನೂ ನೋಡಿದ. "ಇರ್ಬಹುದು," ಎಂದ.

ವ್ಯಾನಿನ ಬಾಗಿಲು ಹಾಕಿಕೊಂಡಿತು. ಕಾನಿಶಾಯ್ ಒಳಗೆ ಹೋಗಿ, ಧೂಳಿನಲ್ಲಿ ಎಸೆನ್‌ಕುಲ್ ಒಬ್ಬನೇ ನಿಂತಿದ್ದಾಗ ನೀಲಿ ಗೇಟು ಒಂಚೂರು ತೆರೆದು, ಸಪರ್‌ಬೈ ಮುಖ ಹೊರಗೆ ಬಂತು. ಅದರ ಒಂದು ಕೆನ್ನೆ ಕೆಂಪಗಿತ್ತು.

"ಎಸೆನ್‌ಕುಲಣ್ಣಾ, ಕುರಿ ಮಾರಿದ್ರೂ ಪಾಸಾದೋರು ಸರದಿ ತಪ್ಪಿಸೋ ಹಾಗಿಲ್ಲ, ಗೊತ್ತಲ್ಲ? ಆದ್ರೆ ಇನ್ಮೇಲೆ ಗುಡ್ಡದ ಆ ಕಡೆ ಮಗ್ಗುಲಿಗೆ ಹೊಡ್ಕೊಂಡ್ ಹೋಗು. ಅಲ್ಲಿ ಹುಲ್ಲು ಚೆನ್ನಾಗಿದೆ."