ಅಳಿಸೋಕೆ ಒಪ್ಪದ ಫೋಲ್ಡರುಗಳು

ಮೈಸೂರಿನ ಮನೆಮನೆಗೂ ಕಂಪ್ಯೂಟರ್ ಬರುತ್ತಿದ್ದ ಕಾಲದಲ್ಲಿ ನಾನು ಅವುಗಳ ರಿಪೇರಿ ಮಾಡಿಕೊಂಡಿದ್ದೆ. ವೈರಸ್ಸು, ಸುಟ್ಟ ಪವರ್ ಸಪ್ಲೈ ಎಲ್ಲ ಮಾಮೂಲಿ. ಆದರೆ "ಬೇಡದ ಫೋಲ್ಡರ್ ಅಳಿಸೋಕೆ ಹೋದ್ರೆ ಪರ್ಮಿಷನ್ ಇಲ್ಲ ಅನ್ನುತ್ತೆ" ಎಂದು ಯಾರಾದರೂ ಫೋನ್ ಮಾಡಿದರೆ ನನಗೆ ಒಳಗೊಳಗೇ ಖುಷಿ. ಅಂಥ ಕಡೆಯಿಂದ ನಗದೆ ವಾಪಸು ಬಂದದ್ದೇ ಇಲ್ಲ.

ಅರ್ಜಿ

ಒಂಟಿಕೊಪ್ಪಲಿನಲ್ಲಿ ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಮ್ಯಾನೇಜರೊಬ್ಬರಿದ್ದರು. ಹಳೇ ಆಟದ ಫೋಲ್ಡರು ಅಳಿಸಲು ಹೊರಟವರಿಗೆ, 'ನಿಮಗೆ ಅನುಮತಿ ಇಲ್ಲ, ಅಡ್ಮಿನಿಸ್ಟ್ರೇಟರನ್ನು ಕೇಳಿ' ಎಂದು ಇಂಗ್ಲಿಷಿನಲ್ಲಿ ಬಂದಿತ್ತು. ನಾನು ಹೋಗುವಷ್ಟರಲ್ಲಿ 'ಮಾನ್ಯ ಅಡ್ಮಿನಿಸ್ಟ್ರೇಟರ್ ಅವರ ಸನ್ನಿಧಾನಕ್ಕೆ' ಎಂದು ಶುರುವಾಗುವ ಅರ್ಜಿ ತಯಾರಾಗಿತ್ತು.

"ಇದನ್ನ ಯಾವ ಆಫೀಸಿಗೆ ಕೊಡ್ಬೇಕು ಹೇಳಿ. ಖುದ್ದಾಗಿ ಹೋಗಿ ಕೊಟ್ಟು ಬರ್ತೀನಿ."

ಕಂಪ್ಯೂಟರಿನಲ್ಲಿ ಎರಡು ಲಾಗಿನ್ ಇದ್ದವು, ಎರಡೂ ಅವರವೇ. "ಸಾರ್, ಅಡ್ಮಿನಿಸ್ಟ್ರೇಟರ್ ನೀವೇ. ಇವತ್ತು ಇನ್ನೊಂದು ಹೆಸರಲ್ಲಿ ಒಳಗೆ ಬಂದಿದ್ದೀರಿ, ಅಷ್ಟೆ."

"ಅಂದ್ರೆ ಅರ್ಜಿದಾರನೂ ನಾನೇ, ಸಾಹೇಬನೂ ನಾನೇ?"

"ಹೌದು ಸಾರ್."

ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಅರ್ಜಿ ತಮ್ಮ ಕಡೆಗೆ ತಿರುಗಿಸಿಕೊಂಡು ಪೆನ್ನು ತೆಗೆದರು. ಮಂಜೂರಾಯಿತು ಅಂದುಕೊಂಡೆ. ಮೂಲೆಯಲ್ಲಿ ಬರೆದರು: 'ಪರಿಶೀಲಿಸಿ ಮಂಡಿಸಿ.'

ಎಲ್ಲಾ ಆಫ್

ದಟ್ಟಗಳ್ಳಿಯ ಗೃಹಿಣಿಯೊಬ್ಬರಿಗೆ ಹಾಡುಗಳ ಫೋಲ್ಡರು ಕಾಟ ಕೊಡುತ್ತಿತ್ತು. ಅಳಿಸಲು ಹೋದರೆ, 'ಇದನ್ನು ಬೇರೆ ಯಾರೋ ಬಳಸುತ್ತಿದ್ದಾರೆ' ಎನ್ನುವ ಸಂದೇಶ.

"ಮನೇಲಿ ನಾನೊಬ್ಳೇ ಇರೋದು. ಈ ಕಡೆ ಖಾಲಿ ಸೈಟು, ಆ ಕಡೆ ಒಂದೇ ಮನೆ. ಅವರೇ ಇರ್ಬೇಕು ಅಂತ ಹೋಗಿ ಕೇಳ್ಬುಟ್ಟೆ ಕಣ್ರೀ," ಅಂದರು.

ನೋಡಿದರೆ ಅದೇ ಫೋಲ್ಡರಿನ ಹಾಡೊಂದು ಸದ್ದಿಲ್ಲದೆ ಓಡುತ್ತಿತ್ತು. ಸ್ಪೀಕರ್ ಆರಿಸಿದ್ದರು, ಹಾಡು ನಿಲ್ಲಿಸಿರಲಿಲ್ಲ. ನಿಲ್ಲಿಸಿದೆ, ಫೋಲ್ಡರು ಮರುಮಾತಿಲ್ಲದೆ ಹೋಯಿತು.

ಅಷ್ಟರಲ್ಲಿ ಕಾಂಪೌಂಡ್ ಗೋಡೆಯ ಆಚೆಯಿಂದ ಪಕ್ಕದ ಮನೆ ಅಜ್ಜಿ ಕೂಗಿದರು: "ಮಿಕ್ಸಿ, ಟಿವಿ, ಫ್ಯಾನು ಎಲ್ಲಾ ಆಫ್ ಮಾಡಿದ್ದೀನಿ ಕಣಮ್ಮ. ಇನ್ನೂ ಹೋಗ್ಲಿಲ್ಲ ಅಂದ್ರೆ ಹೇಳು, ಫ್ರಿಜ್ಜೂ ಆರಿಸ್ತೀನಿ!"

ಓನರ್ ಯಾರು?

ರಾಮಕೃಷ್ಣನಗರದಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿಯೊಂದಿತ್ತು. ಅಪ್ಪ ಯಜಮಾನರು, ಕಂಪ್ಯೂಟರ್ ಕೆಲಸ ಮಗಳದು. ಆ ಮಗಳ ಮದುವೆಯೇ ಗೊತ್ತಾಗಿತ್ತು. ನಾನು ಹೋದ ದಿನ ಯಜಮಾನರ ಮುಖ ಕೆಂಪಗಿತ್ತು.

"ಗಂಡಿನ ಅಪ್ಪನ ಹಟ ನೋಡಿ! ಪತ್ರಿಕೇಲಿ ಅವರ ಕಡೆ ತಾತನ ಹೆಸರು ಮೇಲೆ, ನಮ್ಮಪ್ಪನ ಹೆಸರು ಕೆಳಗಂತೆ! ಈ ಸಂಬಂಧವೇ ಬೇಡ. ಆ ಪತ್ರಿಕೆ ಫೋಲ್ಡರು ನನ್ನ ಕಣ್ಣಿಗೆ ಬೀಳ್ಬಾರ್ದು. ಬೆಳಗ್ಗೆಯಿಂದ ಅಳಿಸ್ತಿದ್ದೀನಿ, ಹೋಗ್ತಾನೇ ಇಲ್ಲ."

ಫೋಲ್ಡರಿನ ಸೆಟ್ಟಿಂಗ್ ತೆಗೆದು ನೋಡಿದೆ. ಕೆಟ್ಟಿರಲಿಲ್ಲ. ಯಾರೋ ಬೇಕೆಂದೇ ಅಳಿಸದಂತೆ, ತಿದ್ದದಂತೆ ಬೀಗ ಹಾಕಿದ್ದರು. ಬೀಗ ಹಾಕಿದ ಲಾಗಿನ್ ಮಗಳದು. ಪಕ್ಕದ ಕಂಪ್ಯೂಟರಿನಲ್ಲಿ ವಿಸಿಟಿಂಗ್ ಕಾರ್ಡ್ ಮಾಡುತ್ತಿದ್ದ ಆಕೆ ಈ ಕಡೆ ತಿರುಗಲಿಲ್ಲ, ಆದರೆ ಟೈಪಿಂಗ್ ನಿಂತಿತ್ತು.

ಬೀಗ ಮುರಿಯುವುದು ನನಗೆ ಐದು ನಿಮಿಷದ ಕೆಲಸ. ಕೈ ಬರಲಿಲ್ಲ.

"ಆಗಲ್ಲ ಸಾರ್. ಓನರ್ ಒಪ್ತಿಲ್ಲ."

"ಓನರ್ ನಾನು ಕಣ್ರೀ! ಹೊರಗೆ ಬೋರ್ಡ್ ನೋಡ್ಲಿಲ್ವಾ?"

"ಅಂಗಡಿಗೆ ನೀವು ಸಾರ್. ಫೋಲ್ಡರಿಗೆ ನಿಮ್ಮ ಮಗಳು."

ಅವರು ನಿಧಾನವಾಗಿ ಮಗಳ ಕಡೆ ತಿರುಗಿದರು. ಆಕೆ ಪರದೆಯನ್ನೇ ನೋಡುತ್ತ ಹೇಳಿದಳು: "ಅಪ್ಪ, ಜಗಳ ಆಡಿದ್ದು ನೀವಿಬ್ರು. ಮದುವೆ ಆಗ್ತಿರೋದು ನಾವಿಬ್ರು."

 ಯಜಮಾನರು ಹೊರಗೆ ಹೋಗಿ ಗಂಡಿನ ಅಪ್ಪನಿಗೆ ಫೋನ್ ಹಚ್ಚಿ ನಿಂತರು. ಮೊದಲು ಜೋರು ದನಿ, ಆಮೇಲೆ ಮೆಲುದನಿ, ಕೊನೆಗೆ ನಗು. ಒಳಗೆ ಬಂದವರೇ, "ಅವರ ತಾತನ ಹೆಸರೇ ಮೇಲಿರ್ಲಿ. ಏಳಿ, ನಾನೇ ಬದಲಾಯಿಸ್ತೀನಿ," ಎಂದು ನನ್ನನ್ನು ಎಬ್ಬಿಸಿ ಕೂತರು. ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಯಜಮಾನರು ಒಂದೊಂದೇ ಬೆರಳಿನಲ್ಲಿ ಹೆಸರು ಟೈಪ್ ಮಾಡಿ, ಸೇವ್ ಒತ್ತಿ, ಪರದೆ ನೋಡಿ, ಸುಸ್ತಾಗಿ ಕೂಗಿದರು:

"ಸೋಲೊಪ್ಪೋಕೂ ನಿನ್ನ ಪರ್ಮಿಷನ್ ಬೇಕಂತಲ್ಲಮ್ಮಾ!"