ಜೆಟ್ಟಿಯ ಬೆಂಚಿನ ಮೇಲೆ ಬಿಸಿ ಚಿಪ್ಸ್ ಸಹಿತ ಸಮಾಲೋಚನೆ

ಸಂಖ್ಯೆ: ಯುಮ/ಬೇಗು/ಚಿಪ್ಸ್/17-ಬಿ

ಇವರಿಗೆ: ವಿಕ್ಟೋರಿಯಾ ದಕ್ಷಿಣ ಕರಾವಳಿಯ ಯುವಜನ ಮಾನಸಿಕ ಆರೋಗ್ಯ ಕೇಂದ್ರಗಳ ಎಲ್ಲ ಸಿಬ್ಬಂದಿಗೆ

ವಿಷಯ: ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋರೋಗ) ಅಪಾಯದಲ್ಲಿರುವ ಯುವಜನರನ್ನು ಬೇಗ ಗುರುತಿಸುವಾಗ ಚಿಪ್ಸ್ ಬಳಸುವ ಕುರಿತು.

ಉಲ್ಲೇಖ: ಬೆಂಚಿನ ಎಣ್ಣೆ ಕಲೆ ಬಗ್ಗೆ ನಗರಸಭೆಯ ಪತ್ರ.

ಬೇಕರಿ ನೌಕರಳಾದ ಕುಮಾರಿ ಬ್ರಿಯೋನಿ (19) ಅವರಿಗೆ ರೇಡಿಯೋದವರು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆಂದು ಅನಿಸತೊಡಗಿ ಏಳು ವಾರಗಳಾಗಿದ್ದು, ಮೂರು ಸಲ ಕೇಂದ್ರದ ಬಾಗಿಲವರೆಗೆ ಬಂದು ಹಿಂದಿರುಗಿರುತ್ತಾರೆ. ನಾಲ್ಕನೆಯ ಸಲವೂ ಹಿಂದಿರುಗುತ್ತಿದ್ದಾಗ ಸಮಾಲೋಚಕಿ ಡೆಸ್ಪಿನಾ ವ್ಲಾಹೋಸ್ ಅವರು ಅನುಮತಿ ಪಡೆಯದೆ ಹಿಂದೆಯೇ ಹೋಗಿ, ಕಡಲ ಜೆಟ್ಟಿಯ (ದೋಣಿಕಟ್ಟೆಯ) ಬೆಂಚಿನ ಮೇಲೆ ಬಿಸಿ ಚಿಪ್ಸ್ (ಕರಿದ ಆಲೂಗಡ್ಡೆ) ಹಂಚಿಕೊಂಡಿರುತ್ತಾರೆ. ತನಗೆ ಹುಚ್ಚು ಹಿಡಿಯುತ್ತಿದೆಯೇ ಎಂದು ಹುಡುಗಿ ಕೇಳಲಾಗಿ, "ಗೊತ್ತಿಲ್ಲ ಕಣಮ್ಮ. ಏನೇ ಆದ್ರೂ ಜತೇಲೇ ನೋಡ್ಕೊಳ್ಳೋಣ" ಎಂದು ನಿಗದಿತ ನಮೂನೆಯಲ್ಲಿಲ್ಲದ ಉತ್ತರ ನೀಡಿರುತ್ತಾರೆ. ಅಂದಿನಿಂದ ಬ್ರಿಯೋನಿ ಪ್ರತಿ ಗುರುವಾರ ತಪ್ಪದೆ ಬರುತ್ತಿದ್ದಾರೆ. ನಿಯಮಬಾಹಿರವಾಗಿ ಗುಣ ಕಾಣುತ್ತಿರುವ ಈ ಪ್ರಕರಣವನ್ನು ಇಲಾಖೆ ಗಂಭೀರವಾಗಿ ಪರಿಗಣಿಸಿ, ಈ ಕೆಳಗಿನಂತೆ ವಿಧಿಸಿದೆ:

1. ಬೇಗ ಗುರುತಿಸಲ್ಪಡಲು ಇಚ್ಛಿಸುವವರು ಹದಿನಾಲ್ಕು ವಾರ ಕಾಯತಕ್ಕದ್ದು. ಮೊದಲೇ ಬಂದವರನ್ನು 'ಇನ್ನೂ ಏನೂ ಆಗಿಲ್ಲ' ಎಂದೂ, ಆಮೇಲೆ ಬಂದವರನ್ನು 'ಮೊದಲೇ ಬರಬೇಕಿತ್ತು' ಎಂದೂ ಸೌಜನ್ಯದಿಂದ ಹಿಂದಕ್ಕೆ ಕಳಿಸತಕ್ಕದ್ದು.

2. 'ಚಿಪ್ಸ್‌ಗೆ ವಿನೆಗರ್ ಹಾಕ್ಲಾ?' ಎಂಬುದನ್ನು ರೋಗನಿರ್ಣಯದ ಪ್ರಶ್ನೆಯೆಂದು ಲೆಕ್ಕ ತೋರಿಸತಕ್ಕದ್ದಲ್ಲ.

3. ಗೌಪ್ಯತಾ ಪತ್ರಕ್ಕೆ ಸಹಿ ಹಾಕದ ಕಡಲಹಕ್ಕಿಗಳನ್ನು ಐದು ಮೀಟರ್ ದೂರದಲ್ಲಿ ಇರಿಸತಕ್ಕದ್ದು. ಹಕ್ಕಿಯು ಚಿಪ್ಸ್ ಕಸಿದಲ್ಲಿ ಮೂರು ಪ್ರತಿಗಳಲ್ಲಿ ವರದಿ ಸಲ್ಲಿಸುವುದು. ಅದರ ವಯಸ್ಸು ಹನ್ನೆರಡರಿಂದ ಇಪ್ಪತ್ತೈದರೊಳಗಿದ್ದರೆ ಅದನ್ನೂ ಬೇಗ ಗುರುತಿಸುವುದು.

4. ಯುವಜನರು ನಕ್ಕಲ್ಲಿ, ಅದಕ್ಕೆ ಕಾರಣ ಸುಧಾರಣೆಯೋ ಗಾಳಿಗೆ ಹಾರಿದ ಮೇಲ್ವಿಚಾರಕರ ಟೋಪಿಯೋ ಎಂಬುದನ್ನು ಖಚಿತಪಡಿಸಿಕೊಂಡೇ ಕಡತದಲ್ಲಿ ಬರೆಯತಕ್ಕದ್ದು. ಟೋಪಿಯಾದಲ್ಲಿ ಮೇಲ್ವಿಚಾರಕರ ಒಪ್ಪಿಗೆ ಕಡ್ಡಾಯ.

5. ಮುಂದಿನ ಗುರುವಾರದಿಂದ ಸಕಲ ಸಮಾಲೋಚನೆಗಳೂ ಕೇಂದ್ರದ ಕೊಠಡಿ 4ರಲ್ಲೇ ನಡೆಯತಕ್ಕದ್ದು. ಅಲ್ಲಿಗೆ ಬ್ರಿಯೋನಿ ಬರಲಾರರೆಂಬ ಡೆಸ್ಪಿನಾ ಅವರ ಆಕ್ಷೇಪಣೆಯನ್ನು ಓದದೆ ಲಗತ್ತಿಸಲಾಗಿದೆ.

ಸಹಿ/-
ಮರ್ನಾ ಕಿಲ್‌ಬ್ರೈಡ್
ಉಪನಿರ್ದೇಶಕಿ (ಬೇಗ ಗುರುತಿಸುವಿಕೆ)

ಪ್ರತಿಗಳು:
1. ನಗರಸಭೆ, ಬೆಂಚು ಶಾಖೆ: ಮಾಹಿತಿಗಾಗಿ.
2. ಮೀನು-ಚಿಪ್ಸ್ ಅಂಗಡಿ: ಇನ್ನು ಮುಂದೆ ಸಣ್ಣ ಪೊಟ್ಟಣ ಮಾತ್ರ ನೀಡಲು.
3. ಡೆಸ್ಪಿನಾ ವ್ಲಾಹೋಸ್, ಖಾಸಗಿ: ಆಕ್ಷೇಪಣೆಯನ್ನು ಈಗ ಓದಲಾಗಿದೆ. ಕಲಂ 5ನ್ನು ಹಿಂಪಡೆಯಲಾಗಿದೆ. ನನ್ನ ಮಗ ಹೇಮಿಶ್ ಮೂರು ವಾರದಿಂದ ಕಿಟಕಿಯ ಪರದೆ ಸರಿಸಿಲ್ಲ, ನಾನು ಮಾಡಿದ ಅಡುಗೆ ಮುಟ್ಟುತ್ತಿಲ್ಲ. ಗುರುವಾರ ಜೆಟ್ಟಿಯವರೆಗೆ ಕಾರಿನಲ್ಲಿ ಕರ್ಕೊಂಡು ಬರ್ತೀನಿ. ಅವನು ಇಳೀಲಿಲ್ಲ ಅಂದ್ರೆ ನೀವೇ ಕಾರಿನ ಹತ್ರ ಬನ್ನಿ, ದಯವಿಟ್ಟು.